ಹುತ್ತರಿಯ ದಿನ ಕೂಗದ ಸೈರನ್

ವೀಣಾ ಮೇಡಂ ಹೇಳಿಕೊಟ್ಟರೆ ಕಲ್ಲಿಗೂ ಕಂಪ್ಯೂಟರ್ ಬರುತ್ತದೆ ಎಂದು ಕುಶಾಲನಗರದ ಆ ಕಾಲೇಜಿನಲ್ಲಿ ಒಂದು ಮಾತಿತ್ತು. ಮಾತು ನಿಜವೇ. ಆದರೆ ಒಳ್ಳೆಯ ಮಾತಿನಿಂದ ಅತಿಥಿ ಉಪನ್ಯಾಸಕಿ ಕಾಯಂ ಆಗುವುದಿಲ್ಲ. ವರ್ಷ ವರ್ಷವೂ ಮಳೆ ಶುರುವಾಗುವ ಹೊತ್ತಿಗೆ ಅವಳು ಹೊಸಬಳ ಹಾಗೆ ಅರ್ಜಿ ಹಾಕಿ, ತನ್ನದೇ ಕುರ್ಚಿಯ ಮುಂದೆ ಸಂದರ್ಶನಕ್ಕೆ ನಿಲ್ಲುತ್ತಿದ್ದಳು. ತಂದೆ ಪುಟ್ಟಸ್ವಾಮಿ ಅರಕಲಗೂಡಿನ ಕಡೆಯಿಂದ ಬಂದು ಹೆಬ್ಬಾಲೆಯ ಹತ್ತಿರ ಶುಂಠಿ, ಭತ್ತ ಬೆಳೆದವರು. ಸೈಕಲ್ ಅಂಗಡಿಯ ಮಹಡಿಯ ಮೇಲಿದ್ದ ಕಂಪ್ಯೂಟರ್ ಸೆಂಟರಿಗೆ ಮಗಳನ್ನು ಕಳಿಸಿದವರೂ ಅವರೇ. ಅವರು ತೀರಿಹೋಗಿ ಬಹಳ ಕಾಲವಾಯಿತು. ಮದುವೆಯಾಗಿ ಮೈಸೂರಿಗೆ ಹೋದ ವೀಣಾ ಕೆಲವೇ ವರ್ಷಕ್ಕೆ ಒಂದು ಸೂಟ್‌ಕೇಸು ಹಿಡಿದು ತಾಯಿ ವನಜಮ್ಮನ ಹತ್ತಿರ ವಾಪಸು ಬಂದಳು. ಯಾಕೆ ಎಂದು ಊರು ಕೇಳಿತು. ಅವಳು ಹೇಳಲಿಲ್ಲ. ಊರು ತಾನೇ ಒಂದು ಉತ್ತರ ಹೊಸೆದುಕೊಂಡು ಸುಮ್ಮನಾಯಿತು.

ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗಿನಲ್ಲಿ ಇವೆಂಟ್ ಎಂಬ ಒಂದು ಪಾಠ ಬರುತ್ತದೆ. ಪುಸ್ತಕದಲ್ಲಿ ಓದಿದರೆ ತಲೆಬುಡ ತಿಳಿಯುವುದಿಲ್ಲ. ವೀಣಾ ಮೊದಲು ಪುಸ್ತಕ ಮುಚ್ಚಿಸುತ್ತಿದ್ದಳು. ಕೊಡವರ ಮನೆಯಲ್ಲಿ ಸಾವಾದರೆ ಏನು ಮಾಡುತ್ತಾರೆ ಎಂದು ಕೇಳುತ್ತಿದ್ದಳು. ಜೋಡಿ ಗುಂಡು ಹಾರಿಸುತ್ತಾರೆ ಎಂದು ಕ್ಲಾಸಿಗೆ ಕ್ಲಾಸೇ ಹೇಳುತ್ತಿತ್ತು. ಹಾರಿಸಿದವನು ಯಾರ ಮನೆ ಬಾಗಿಲಿಗೂ ಹೋಗುವುದಿಲ್ಲ, ಯಾರು ಕೇಳಿಸಿಕೊಂಡರು ಎಂಬುದೂ ಅವನಿಗೆ ಗೊತ್ತಿಲ್ಲ. ಕೇಳಿದವರಲ್ಲಿ ಒಬ್ಬ ಕೊಡಲಿ ಹಿಡಿದು ಸೌದೆಗೆ ಹೊರಡುತ್ತಾನೆ, ಒಬ್ಬ ನೆಂಟರಿಗೆ ಸುದ್ದಿ ಮುಟ್ಟಿಸುತ್ತಾನೆ, ಇನ್ನೊಬ್ಬಳು ಒಲೆಯ ಮೇಲಿದ್ದದ್ದನ್ನು ಇಳಿಸಿ ಹೊರಡುತ್ತಾಳೆ. ಗುಂಡು ಹಾರಿಸುವುದೇ ಇವೆಂಟ್ ಎಬ್ಬಿಸುವುದು. ಕೇಳಿ ಹೊರಟವರೇ ಹ್ಯಾಂಡ್ಲರುಗಳು. ಕೇಳುವವರ ಸಾಲಿಗೆ ಒಬ್ಬನನ್ನು ಸೇರಿಸಿದರೆ ಅವನಿಗೆ ಕೂಗು ಮುಟ್ಟುತ್ತದೆ, ಸಾಲಿನಿಂದ ತೆಗೆದರೆ ಮುಟ್ಟುವುದಿಲ್ಲ. ಪಾಠ ಇಷ್ಟೇ.

ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಿದ್ದರು: ಗುಂಡು ಹಾರಿಸಿದರೂ ಯಾರೂ ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಮೇಡಂ? ವೀಣಾ ನಗುತ್ತಿದ್ದಳು. ಏನೂ ಆಗುವುದಿಲ್ಲ ಎನ್ನುತ್ತಿದ್ದಳು. ಎಲ್ಲೂ ತಪ್ಪು ಅಂತ ತೋರಿಸುವುದಿಲ್ಲ, ಪ್ರೋಗ್ರಾಂ ತನ್ನ ಪಾಡಿಗೆ ಮುಂದಿನ ಸಾಲಿಗೆ ಹೋಗುತ್ತದೆ. ಮಕ್ಕಳು ಅದನ್ನು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಗೆ ಬರುತ್ತದೆ ಎಂದು.

ಇಂಥವಳಿಗೆ ನೆಲ್ಯಹುದಿಕೇರಿಯ ಕಡೆ ಹೊಳೆ ಪಕ್ಕದ ಒಂದು ಎಸ್ಟೇಟಿನಿಂದ ಕರೆ ಬಂತು. ಅಲ್ಲಿ ಆನೆಗಳ ಕಾಟ. ಹಲಸು ಹಣ್ಣಾದರೆ ಹಲಸಿಗೆ, ಭತ್ತ ತೆನೆಗಟ್ಟಿದರೆ ಭತ್ತಕ್ಕೆ, ಏನೂ ಇಲ್ಲದಿದ್ದರೆ ಕೆರೆ ನೀರಿಗೆ ಬರುತ್ತವೆ. ಬಂದವು ಕೂಲಿಯಾಳುಗಳ ಲೈನ್ ಮನೆಗಳ ಅಂಗಳದಲ್ಲೇ ಹಾದುಹೋಗುತ್ತವೆ. ಧಣಿಗಳು ಒಂದು ಸೈರನ್ ತರಿಸಿದ್ದರು, ಅದಕ್ಕೆ ಬುದ್ಧಿ ಹೇಳುವವರು ಬೇಕಿತ್ತು. ವೀಣಾ ಪ್ರೋಗ್ರಾಂ ಬರೆದಳು. ಆನೆ ಕಾವಲಿನ ಮಲ್ಲನ ಫೋನಿನಲ್ಲಿ ಒಂದು ಗುಂಡಿ. ಆನೆ ಕಂಡರೆ ಅವನು ಅದನ್ನು ಒತ್ತಬೇಕು. ಒತ್ತಿದರೆ 'ಆನೆ ಬಂತು' ಎಂಬ ಇವೆಂಟ್ ಏಳುತ್ತದೆ. ಅದನ್ನು ಕೇಳುವವರು ಇಬ್ಬರು: ಲೈನಿನ ಕಂಬದ ಮೇಲಿನ ಸೈರನ್ ಒಂದು, ಮ್ಯಾನೇಜರ ಫೋನು ಇನ್ನೊಂದು. ಸೈರನ್ ಕೂಗುತ್ತದೆ, ಫೋನಿಗೆ ಸಂದೇಶ ಹೋಗುತ್ತದೆ.

ಸೈರನ್ ಕಟ್ಟಿದ ದಿನ ಅವಳೂ ಹೋಗಿದ್ದಳು. ಕಂಬ ಹತ್ತಿ ಅದನ್ನು ಬಿಗಿದವನು ಚಿನ್ನ, ಲೈನಿನಲ್ಲೇ ಹುಟ್ಟಿ ಬೆಳೆದವನು. ಮೆಣಸಿನ ಬಳ್ಳಿಗೆ ಏಣಿ ಹತ್ತುವ ಕಾಲು, ಕಂಬ ಅವನಿಗೆ ಲೆಕ್ಕವೇ ಅಲ್ಲ. ಅವನ ಹೆಂಡತಿ ಬೆಳ್ಳಿ ಎಲ್ಲರಿಗೂ ಬೆಲ್ಲ ಹಾಕಿದ ಕರಿ ಕಾಫಿ ಕೊಟ್ಟಳು. ಇಳಿದು ಬಂದ ಚಿನ್ನ ಕೈ ಒರೆಸಿಕೊಳ್ಳುತ್ತಾ ಒಂದೇ ಒಂದು ಮಾತು ಕೇಳಿದ.

"ಇದು ಕೂಗಿದ್ರೆ ಆನೆ ಉಂಟು, ಕೂಗ್ಲಿಲ್ಲ ಅಂದ್ರೆ ಇಲ್ಲ. ಹಂಗೇ ತಾನೇ ಮೇಡಂ?"

ಹೌದು ಎಂದಳು ವೀಣಾ. ಎಷ್ಟು ಸಲೀಸಾಗಿ ಬಾಯಿಂದ ಹೊರಟ ಮಾತು. ಅಲ್ಲಿಯವರೆಗೆ ಲೈನಿನವರು ನಾಯಿಯ ದನಿ ಕೇಳಿ, ಗಾಳಿಯ ವಾಸನೆ ಹಿಡಿದು, ಬಿದಿರು ಮುರಿದ ಸದ್ದಿಗೆ ಕಿವಿಕೊಟ್ಟು ಬದುಕಿದವರು. ಸೈರನ್ ಬಂದ ಮೇಲೆ ಆ ಪಾಡು ಯಾಕೆ? ಮಳೆಗಾಲ ಕಳೆಯುವಷ್ಟರಲ್ಲಿ ನಾಯಿಗಳು ಬೊಗಳುವುದು ಬರೀ ಬೊಗಳುವುದಾಯಿತು.

ನವೆಂಬರಿನಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಶುರುವಾಯಿತು, ತಕರಾರೂ ಶುರುವಾಯಿತು. ಆನೆ ಎಲ್ಲೋ ಹೊಳೆಯಾಚೆ ಕಂಡರೂ ಸೈರನ್ ಕೂಗುತ್ತದೆ, ಕೂಗಿದ ಕೂಡಲೇ ಪಿಕ್ಕಿಂಗಿನವರು ಚೀಲ ಬಿಟ್ಟು ಓಡುತ್ತಾರೆ, ಮತ್ತೆ ಒಟ್ಟು ಮಾಡುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಎಸ್ಟೇಟಿನ ರೈಟರ್ ಸೋಮಯ್ಯ ವೀಣಾಳಿಗೆ ಫೋನ್ ಮಾಡಿದರು. ಕೆಲಸ, ಕೂಲಿಯಾಳು, ಹಾಜರಿ ಎಲ್ಲ ನೋಡಿಕೊಳ್ಳುವವರು ಅವರೇ. ಪಿಕ್ಕಿಂಗ್ ನಡೆಯುವಾಗ ಮಲ್ಲ ಹೇಗೂ ಪಟಾಕಿ ಹಿಡಿದು ಆಳುಗಳ ಜೊತೆಗೇ ಇರುತ್ತಾನೆ, ಅಷ್ಟು ಹೊತ್ತು ಸೈರನ್ ಬೇಡ, ಮ್ಯಾನೇಜರ್ ಸಾಹೇಬರ ಫೋನಿಗೆ ಮಾತ್ರ ಹೋದರೆ ಸಾಕು ಎಂದರು. ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಬೆಳಿಗ್ಗೆ ಹಾಜರಿ ಹಾಕಿದ ಕೂಡಲೇ ಸೈರನ್ನನ್ನು ಕೇಳುವವರ ಸಾಲಿನಿಂದ ತೆಗೆಯುವುದು, ಕೆಲಸ ಮುಗಿದ ಮೇಲೆ ಮತ್ತೆ ಸೇರಿಸುವುದು. ಎರಡು ಸಾಲಿನ ಕೆಲಸ.

ಮುಗಿಯುವುದು ಎಷ್ಟು ಗಂಟೆಗೆ ಎಂದು ವೀಣಾ ಕೇಳಿದಳು. ಸೋಮಯ್ಯ ನಕ್ಕರು. ಅದಕ್ಕೆಲ್ಲ ಗಡಿಯಾರ ಇಲ್ಲ ಮೇಡಂ, ಹಣ್ಣಿನ ತೂಕ ಮುಗಿದರೆ ದಿನ ಮುಗೀತು ಎಂದರು. ಸಂಜೆ ಪ್ರತಿಯೊಬ್ಬರ ಚೀಲ ತೂಗಿ, 'ತೂಕ ಮುಗಿಯಿತು' ಎಂದು ಅವರು ಫೋನಿನಲ್ಲಿ ಒತ್ತುತ್ತಿದ್ದರು. ವೀಣಾ ಅದಕ್ಕೇ ಗಂಟು ಹಾಕಿದಳು: ತೂಕ ಮುಗಿಯಿತು ಎಂಬ ಇವೆಂಟ್ ಎದ್ದರೆ ಸೈರನ್ ಮತ್ತೆ ಸಾಲಿಗೆ ಸೇರುತ್ತದೆ. ಗಡಿಯಾರಕ್ಕೆ ಕಟ್ಟಿದ್ದರೆ ಅದು ಕೆಲವು ದಿನ ಕೆಲಸ ಮುಗಿಯುವ ಮುಂಚೆಯೇ ಸೇರುತ್ತಿತ್ತು, ಕೆಲವು ದಿನ ತಡವಾಗಿ. ಕೆಲಸದವರ ದಿನ ಹೇಗೆ ಮುಗಿಯುತ್ತದೋ ಹಾಗೇ ಪ್ರೋಗ್ರಾಂ ಕೂಡ ಮುಗಿಯಬೇಕು ಎಂದು ಅವಳ ಆಸೆ. ಅದನ್ನು ಬರೆದ ಸಂಜೆ ತನ್ನ ಕೆಲಸಕ್ಕೆ ತಾನೇ ಮೆಚ್ಚಿ ತಾಯಿಗೆ ವಿವರಿಸಿದಳು. ವನಜಮ್ಮನಿಗೆ ಒಂದಕ್ಷರ ತಿಳಿಯಲಿಲ್ಲ, ಮಗಳು ನಗುತ್ತಿದ್ದಾಳೆ ಎಂದು ಅವರೂ ನಕ್ಕರು.

ಅವಳಿಗೆ ಗೊತ್ತಿಲ್ಲದೇ ಇದ್ದದ್ದು ಒಂದಿತ್ತು. ಆ ಎಸ್ಟೇಟಿನ ದೊಡ್ಡ ಮನೆಯಲ್ಲಿ ಅಜ್ಜನ ಕಾಲದಿಂದ ಬಂದ ಒಂದು ಕ್ರಮ: ಹುತ್ತರಿಯ ದಿನ ಏನನ್ನೂ ತೂಗಬಾರದು, ಅಳೆಯಬಾರದು. ಹೊಸ ಕದಿರು ಮನೆಗೆ ಬರುವ ದಿನ ತಕ್ಕಡಿ ಮುಟ್ಟಿದರೆ ಬಂದ ಲಕ್ಷ್ಮಿಯನ್ನು ಲೆಕ್ಕ ಕೇಳಿದ ಹಾಗೆ. ಪಿಕ್ಕಿಂಗ್ ಮಧ್ಯಾಹ್ನದವರೆಗೆ ನಡೆಯುತ್ತದೆ, ಕೊಯ್ದ ಹಣ್ಣು ಚೀಲದಲ್ಲೇ ಉಳಿಯುತ್ತದೆ, ತೂಕ ಮಾರನೆಯ ದಿನ. ಎಸ್ಟೇಟಿನ ಮಕ್ಕಳು ಮರಿಗೂ ಇದು ಗೊತ್ತು. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೋಮಯ್ಯ ಹೇಳಲಿಲ್ಲ, ವೀಣಾ ಕೇಳಲಿಲ್ಲ. ಹುತ್ತರಿ ಮಾಡದ ಮನೆಯಲ್ಲಿ ಹುಟ್ಟಿ ಬೆಳೆದವಳು, ಹುತ್ತರಿ ಎಂದರೆ ಕಾಲೇಜಿಗೆ ರಜೆ ಎಂದಷ್ಟೇ ಅವಳ ತಲೆಯಲ್ಲಿದ್ದದ್ದು.

ಹುತ್ತರಿ ಬಂತು. ಬೆಳಿಗ್ಗೆ ಹಾಜರಿ ಹಾಕಿದರು, ಸೈರನ್ ಸಾಲಿನಿಂದ ಹೊರಬಂತು. ಮಧ್ಯಾಹ್ನ ಚೀಲದ ಬಾಯಿ ಕಟ್ಟಿ ಎಲ್ಲರೂ ಮನೆಗೆ ಹೋದರು. ತೂಕವಾಗಲಿಲ್ಲ. ಸೈರನ್ ಮತ್ತೆ ಸಾಲಿಗೆ ಸೇರಲಿಲ್ಲ. ಕತ್ತಲಾಗುತ್ತಿದ್ದಂತೆ ಸುತ್ತಲ ಗದ್ದೆಗಳಲ್ಲಿ ಪಟಾಕಿ ಶುರುವಾಯಿತು, ಎಲ್ಲೋ ಬೇಗ ಬಂದ ಕದಿರು ಕೊಯ್ಯುವ ಮುಹೂರ್ತಕ್ಕೆ ಒಂದು ಗುಂಡೂ ಹಾರಿತು. ಗದ್ದೆಯ ಅಂಚಿನಲ್ಲಿದ್ದ ಒಂಟಿ ಸಲಗ ಬೆದರಿ ಎಸ್ಟೇಟಿನೊಳಗೆ ಹತ್ತಿತು. ಮಲ್ಲ ಅದನ್ನು ಕೆರೆಯ ಹತ್ತಿರ ಕಂಡ, ಕಂಡ ಕೂಡಲೇ ಗುಂಡಿ ಒತ್ತಿದ. ಸೈರನ್ ಕೇಳಿಸಲಿಲ್ಲ. ಪಟಾಕಿಯ ಗದ್ದಲದಲ್ಲಿ ಕೇಳಿಸದೆ ಇರಬಹುದು ಎಂದುಕೊಂಡ. ನೆಂಟರ ಮನೆಯಲ್ಲಿದ್ದ ಮ್ಯಾನೇಜರ ಫೋನು ಮಾತ್ರ ಸರಿಯಾಗಿ ಮಿಣುಕಿತು. ಅವರು ನೋಡಿ, ಸೈರನ್ ಕೂಗಿರುತ್ತದೆ, ಲೈನಿನವರು ಒಳಗಿರುತ್ತಾರೆ ಎಂದು ಅದನ್ನು ಜೇಬಿಗಿಟ್ಟರು. ಲೈನಿನ ಕೊನೆಯ ನಲ್ಲಿಯ ಹತ್ತಿರ, ನೀರಿಗೆ ಹೋಗಿದ್ದ ಚಿನ್ನ ಸಲಗಕ್ಕೆ ಎದುರಾದ. ಹಿತ್ತಾಳೆ ಕೊಡ ಚಪ್ಪಟೆಯಾಗಿತ್ತು. ಅವನ ವಿಷಯ ಇನ್ನು ಬರೆಯುವುದು ಬೇಡ.

ಮಾರನೆಯ ಬೆಳಿಗ್ಗೆ ಸುದ್ದಿ ಕೇಳಿ ವೀಣಾ ಕಂಪ್ಯೂಟರ್ ತೆರೆದಳು. ಆನೆ ಬಂತು ಎಂಬ ಇವೆಂಟ್ ಎದ್ದದ್ದು ಅಲ್ಲಿ ದಾಖಲಾಗಿತ್ತು. ಎದ್ದದ್ದು ಮಾತ್ರ. ಯಾರು ಕೇಳಿದರು ಎಂಬುದನ್ನು ಬರೆದಿಡುವ ಸಾಲನ್ನು ಅವಳು ಬರೆದೇ ಇರಲಿಲ್ಲ. ಸೈರನ್ ಯಾಕೆ ಸಾಲಿನಲ್ಲಿಲ್ಲ ಎಂದು ಹುಡುಕುತ್ತಾ ಹೋದವಳಿಗೆ ಹಿಂದಿನ ದಿನದ ತೂಕ ಕಾಣಲಿಲ್ಲ. ಸೋಮಯ್ಯನವರಿಗೆ ಫೋನ್ ಮಾಡಿದಳು. ನಿನ್ನೆ ಹುತ್ತರಿ ಅಲ್ಲವಾ ಮೇಡಂ, ತೂಗುವ ಹಾಗಿಲ್ಲ ಎಂದರು ಅವರು, ಮಳೆ ಬಂದರೆ ನೆನೆಯುತ್ತದೆ ಎನ್ನುವಷ್ಟು ಸಹಜವಾಗಿ. ಅವಳು ಮತ್ತೆ ಪರದೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಎಲ್ಲೂ ಕೆಂಪು ಅಕ್ಷರವಿಲ್ಲ, ಒಂದು ತಪ್ಪಿನ ಸೂಚನೆಯಿಲ್ಲ. ಏನೂ ಆಗಿರಲಿಲ್ಲ. ಪ್ರೋಗ್ರಾಂ ತನ್ನ ಪಾಡಿಗೆ ಮುಂದಿನ ಸಾಲಿಗೆ ಹೋಗಿತ್ತು.

ತೂಕವಾಗಲಿ ಬಿಡಲಿ, ಇಳಿಹೊತ್ತಿಗೆ ಸೈರನ್ ತಾನಾಗಿ ಸಾಲಿಗೆ ಸೇರುವ ಹಾಗೆ ಅವಳು ಅವತ್ತೇ ಸರಿಪಡಿಸಿದಳು. ಒಂದು ಲೋಟ ಕಾಫಿ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಅಷ್ಟು ಹೊತ್ತಿಗೆ ಚಿನ್ನನ ಕತೆಯನ್ನು ಬೇರೆಯವರು ಬರೆದು ಮುಗಿಸಿದ್ದರು. ಹಬ್ಬದ ದಿನ, ಕುಡಿದಿದ್ದ, ಸೈರನ್ ಕೂಗಿದರೂ ಹೊರಗೆ ಹೋದ. ಮ್ಯಾನೇಜರು ವಿಚಾರಣೆಗೆ ಬಂದವರಿಗೆ ತಮ್ಮ ಫೋನಿನ ಸಂದೇಶ ತೋರಿಸಿದ್ದರು. ವೀಣಾ ಎಸ್ಟೇಟಿಗೇ ಹೋಗಿ, ಸೈರನ್ ಕೂಗಿಲ್ಲ, ಕೂಗದಂತೆ ಮಾಡಿದ ಸಾಲು ನನ್ನದು ಎಂದು ಮ್ಯಾನೇಜರಿಗೆ ಬಿಡಿಸಿ ಹೇಳಿದಳು. ಅವರು ತಾಳ್ಮೆಯಿಂದ ಕೇಳಿದರು, ಕಾಫಿ ಕೊಡಿಸಿದರು. ನನ್ನ ಫೋನಿಗೆ ಬಂದಿದೆ ಅಂದ ಮೇಲೆ ಸೈರನ್ನೂ ಆಗಿದೆ, ನೀವು ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಸುಳ್ಳು ಹೇಳುವ ಮುಖವಲ್ಲ ಅದು. ತನಗೆ ಅನುಕೂಲವಾದದ್ದನ್ನು ನಿಜವೆಂದು ನಂಬಿಕೊಂಡ ಮುಖ. ಅಂಥವರಿಗೆ ಜಾಣ ಕಿವುಡು ಕೂಡ ಬೇಕಾಗುವುದಿಲ್ಲ.

ಸೋಮಯ್ಯನವರಿಗೆ ಅರ್ಥವಾಯಿತು. ಮುಖ ಕಪ್ಪಿಟ್ಟಿತು. ಅವತ್ತಿನಿಂದ ಅವರು ಅವಳ ಫೋನ್ ಎತ್ತಲಿಲ್ಲ. ಸರಕಾರಿ ಕಚೇರಿಗೆ ಹೋದರೆ ಕೇಸು ಮುಗಿದಿದೆ ಎಂದರು. ಕಾಡುಪ್ರಾಣಿ ದಾಳಿ, ಅಷ್ಟೇ. ಸೈರನ್ ಕೂಗಿತೋ ಇಲ್ಲವೋ ಎನ್ನುವುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಕಾಲೇಜಿನಲ್ಲಿ ಪ್ರಿನ್ಸಿಪಾಲರು, ನಿಮ್ಮದು ತುಂಬಾ ಸೂಕ್ಷ್ಮ ಸ್ವಭಾವ ಎಂದು ಎರಡು ದಿನ ರಜೆ ಕೊಟ್ಟರು. ಹೋದಲ್ಲೆಲ್ಲ ಅವಳಿಗೆ ಕ್ಷಮೆ ಸಿಕ್ಕಿತು. ಏನು ಮಾಡಿದೆ ಎಂದು ಯಾರೂ ಕೇಳಿಸಿಕೊಳ್ಳಲಿಲ್ಲ.

ಮನೆಯಲ್ಲಿ ತಟ್ಟೆಯ ಮುಂದೆ ಕೂತು ಎದ್ದುಹೋಗುತ್ತಿದ್ದ ಮಗಳನ್ನು ನೋಡಿ ನೋಡಿ ವನಜಮ್ಮನಿಗೆ ಸಿಟ್ಟು ಬಂತು.

"ಕೊಂದಿದ್ದು ಆನೆ ಕಣೇ, ನೀನಲ್ಲ. ನೀನು ಊರ್ ತುಂಬ ಹೇಳ್ಕೊಂಡ್ ತಿರುಗಿದ್ರೆ ಹೋದೋನು ಎದ್ ಬತ್ತಾನಾ?"

ಬರುವುದಿಲ್ಲ. ವೀಣಾಳಿಗೂ ಅದು ಗೊತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಶಿಕ್ಷೆ ಕೂಡ ಅಲ್ಲ. ಚಿನ್ನ ಕುಡಿದು ಸತ್ತವನಲ್ಲ, ಹೌದು ಎಂಬ ತನ್ನ ಒಂದು ಮಾತನ್ನು ನಂಬಿ ಸತ್ತವನು ಎಂದು ಒಬ್ಬರಾದರೂ ಕೇಳಿಸಿಕೊಳ್ಳಬೇಕಿತ್ತು. ಕ್ಲಾಸಿನಲ್ಲಿ ಇವೆಂಟಿನ ಪಾಠ ಬಂತು. ಜೋಡಿ ಗುಂಡಿನ ಉದಾಹರಣೆಯವರೆಗೆ ಹೋಗಿ ನಿಲ್ಲಿಸಿದಳು, ಪುಸ್ತಕ ತೆಗೆಯಿರಿ ಎಂದಳು. ಆ ವರ್ಷದ ಮಕ್ಕಳಿಗೆ ಆ ಪಾಠ ತಿಳಿಯಲಿಲ್ಲ.

ಬೆಳ್ಳಿಯ ಹತ್ತಿರ ಹೋಗಲು ಮಾತ್ರ ಅವಳಿಗೆ ಕಾಲು ಬಂದಿರಲಿಲ್ಲ. ಉಳಿದ ಬಾಗಿಲುಗಳೆಲ್ಲ ಮುಗಿದ ಮೇಲೆ, ಜನವರಿಯ ಒಂದು ಭಾನುವಾರ ಬಸ್ಸು ಹತ್ತಿದಳು. ನೆಲ್ಯಹುದಿಕೇರಿಯಲ್ಲಿ ಇಳಿದು ಲೈನಿನವರೆಗೆ ನಡೆದಳು. ಬಿಸಿಲು ಇಳಿಯುತ್ತಿತ್ತು. ಬೆಳ್ಳಿ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಗುರುತು ಹಿಡಿದು ಚಾಪೆ ಹಾಸಿದಳು. ಕಾಫಿ ಇಡುತ್ತೇನೆ ಎಂದು ಎದ್ದವಳನ್ನು ವೀಣಾ ಕೂರಿಸಿದಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲೋ ಹೋದವು. ಇವೆಂಟು, ಹ್ಯಾಂಡ್ಲರು ಯಾವುದೂ ಬಾಯಿಗೆ ಬರಲಿಲ್ಲ.

"ಅವತ್ತು ಸೈರನ್ ಕೂಗಲಿಲ್ಲ ಬೆಳ್ಳಿ. ಕೂಗದ ಹಾಗೆ ಆಗಿದ್ದು ನನ್ನಿಂದ."

ಬೆಳ್ಳಿಯ ಕೈ ಮೊರದ ಮೇಲೆ ನಿಂತಿತು. ಬೈಯುತ್ತಾಳೆ ಎಂದು ವೀಣಾ ಕಾದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಕೂಗ್ಲಿಲ್ಲ ಅಂತ ನಾನು ಎಲ್ರಿಗೂ ಹೇಳ್ದೆ," ಎಂದಳು ಬೆಳ್ಳಿ. "ಪಟಾಕಿ ಸದ್ದಲ್ಲಿ ನಿಂಗೆ ಕೇಳ್ಸಿಲ್ಲ ಅಂದ್ರು. ಒಬ್ರಲ್ಲ, ಎಲ್ರೂ ಅಂದ್ರು. ಆಮೇಲಾಮೇಲೆ ನಂಗೂ ಹಂಗೇ ಅನ್ನಿಸ್ತು, ನನ್ ಕಿವಿನೇ ಕೆಟ್ಟೋಗಿತ್ತೇನೋ ಅಂತ."

ಅವಳೇ ಮುಂದುವರಿಸಿದಳು. ಹುತ್ತರಿಯ ಸಂಜೆ ಒಲೆಯ ಮೇಲೆ ಅನ್ನಕ್ಕೆ ಇಟ್ಟಿದ್ದಳಂತೆ, ನೀರು ಸಾಲದೆ ಬಂತು. ಚಿನ್ನ ಕೊಡ ತೆಗೆದುಕೊಂಡು ಬಾಗಿಲಿಗೆ ಬಂದಾಗ ನಾಯಿ ಬೊಗಳಿತು. ಅವನು ನಿಂತ. ಕೊಡ ಕೆಳಗಿಟ್ಟ. ಕುಡಿದಿರಲಿಲ್ಲ, ಊಟವಾದ ಮೇಲೆ ಕುಡಿಯುತ್ತೇನೆ ಎಂದು ಬಾಟಲಿ ಎತ್ತಿಟ್ಟಿದ್ದ. ಅದು ಇನ್ನೂ ಮೇಲಿನ ಹಲಗೆಯಲ್ಲೇ ಇದೆ ಎಂದು ಬೆಳ್ಳಿ ಒಳಗೆ ಕೈ ತೋರಿಸಿದಳು.

"ಸೈರನ್ ಕೂಗಿಲ್ವಲ್ಲ, ಯಾಕೆ ಹೆದರ್ತೀರ, ಹೋಗ್ಬನ್ನಿ ಅಂದೆ. ನಾನೇ ಕಳ್ಸಿದ್ದು."

ತನ್ನ ಒಂದು ಹೌದು ಎಂಬ ಮಾತು ಚಿನ್ನನ ಕಿವಿಗೆ ಮಾತ್ರ ಬಿದ್ದಿತ್ತು ಎಂದುಕೊಂಡಿದ್ದಳು ವೀಣಾ. ಅದು ಕಾಫಿ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದ ಇವಳಿಗೂ ಮುಟ್ಟಿತ್ತು. ನೀನು ಹೇಳಿದ್ದರಲ್ಲಿ ತಪ್ಪಿಲ್ಲ ಬೆಳ್ಳಿ, ನಿನ್ನ ಕಿವಿ ಸರಿಯಾಗಿಯೇ ಇತ್ತು, ನಿಜವಾಗಿಯೂ ಕೂಗಿರಲಿಲ್ಲ ಎಂದು ಅವಳ ಎರಡೂ ಕೈ ಹಿಡಿದು ಹೇಳಿದಳು. ವಾರಗಟ್ಟಲೆ ಊರೆಲ್ಲ ಹೊತ್ತು ತಿರುಗಿದ ಮಾತನ್ನು ಕಡೆಗೆ ಒಬ್ಬಳು ಕೇಳಿಸಿಕೊಂಡಳು, ಪೂರ್ತಿ ಕೇಳಿಸಿಕೊಂಡಳು. ಆದರೆ ಯಾರಿಗೂ ಹಗುರವಾಗಲಿಲ್ಲ.

"ನಂಗೆ ಹೇಳಿದ್ರಿ, ಸರಿ," ಎಂದಳು ಬೆಳ್ಳಿ. "ನಾನು ಸುಳ್ ಹೇಳಿ ಕಳ್ಸಿಲ್ಲ ಅಂತ ಹೋದೋರಿಗೆ ಯಾರು ಹೇಳ್ತಾರೆ ಮೇಡಂ?"

ಇಬ್ಬರೂ ನಲ್ಲಿಯ ಕಡೆ ನೋಡುತ್ತಾ ಕೂತರು.

ಆಗ ಲೈನಿನ ಆ ತುದಿಯಲ್ಲಿ ಒಂದು ನಾಯಿ ಬೊಗಳಿತು. ಬೆಳ್ಳಿ ಮೊರ ಬಿಟ್ಟು ಎದ್ದಳು, ವೀಣಾಳ ರಟ್ಟೆ ಹಿಡಿದು ಒಳಗೆಳೆದುಕೊಂಡು ಬಾಗಿಲು ಹಾಕಿದಳು. ಲೈನಿನುದ್ದಕ್ಕೂ ಒಂದರ ಹಿಂದೆ ಒಂದು ಮನೆಯ ಅಗುಳಿ ಬೀಳುವ ಸದ್ದು ಕೇಳಿಸಿತು. ಯಾರೂ ಯಾರನ್ನೂ ಕೂಗಲಿಲ್ಲ. ಕತ್ತಲೆಯಲ್ಲಿ ಬೆಳ್ಳಿ ಅವಳ ರಟ್ಟೆ ಬಿಟ್ಟಿರಲಿಲ್ಲ.

ಬಹಳ ಹೊತ್ತಾದ ಮೇಲೆ ಕಂಬದ ಮೇಲಿನ ಸೈರನ್ ಕೂಗಿತು. ಎಲ್ಲೂ ತಪ್ಪದೆ, ವೀಣಾ ಬರೆದ ಹಾಗೆಯೇ ಕೂಗಿತು. ಲೈನಿನಲ್ಲಿ ಅದಕ್ಕಾಗಿ ಯಾರೂ ಕಾದಿರಲಿಲ್ಲ.